ಸಂದಕ್‌ಫು ಜೀಪಿನಲ್ಲಿ ಒಂದೇ ದಿನಕ್ಕೆ ಏರುವ ಬೆಟ್ಟವಲ್ಲ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಈಚೆಗೆ ಸಂದಕ್‌ಫು ಬಗ್ಗೆ ಬಂದ ಲೇಖನವನ್ನು ತುಮಕೂರಿನ ನಮ್ಮ ಭಾನುವಾರದ ಚಾರಣದ ಗೆಳೆಯರೆಲ್ಲ ಓದಿದ್ದೇವೆ. ಭಾರತ ಮತ್ತು ನೇಪಾಳದ ಗಡಿಯ ಮೇಲೆಯೇ ನಿಂತಿರುವ, ಪಶ್ಚಿಮ ಬಂಗಾಳದ ಅತಿ ಎತ್ತರದ ಜಾಗವಾದ ಆ ಬೆಟ್ಟದ ಚೆಲುವನ್ನು ಲೇಖಕರು ಮನಸ್ಸಿಟ್ಟು ಬರೆದಿದ್ದಾರೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕೊನೆಯಲ್ಲಿ, ನಡೆಯಲು ಆಗದ ಹಿರಿಯರು ಜೀಪಿನಲ್ಲಿ ಒಂದೇ ದಿನಕ್ಕೆ ತುದಿ ತಲುಪಬಹುದು, ಹಾಗಾಗಿ ಇದು ಎಲ್ಲ ವಯಸ್ಸಿನವರಿಗೂ ಸುಲಭದ ಬೆಟ್ಟ ಎಂಬ ಅರ್ಥ ಬರುವ ಎರಡು ಸಾಲುಗಳಿವೆ. ಅಂಥದೇ ಮಾತನ್ನು ನಂಬಿ ಎರಡು ವರ್ಷದ ಹಿಂದೆ ಹೊರಟವರಲ್ಲಿ ನಾನೂ ಒಬ್ಬ. ನಡೆಯಲಾಗದವರಿಗೆ ಜೀಪು ನಡಿಗೆಗಿಂತ ಸುರಕ್ಷಿತ ಎಂಬ ತಿಳಿವಳಿಕೆ ತಪ್ಪು ಮಾತ್ರವಲ್ಲ, ಪ್ರಾಣಕ್ಕೆ ಅಪಾಯ ತರುವಂಥದ್ದು ಎಂಬುದನ್ನು ಕಣ್ಣಾರೆ ಕಂಡಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಆ ಏಪ್ರಿಲ್‌ನಲ್ಲಿ ನಾವು ಹನ್ನೊಂದು ಜನ ಹೋಗಿದ್ದೆವು. ಹೆಚ್ಚಿನವರು ನಿವೃತ್ತರು, ದೇವರಾಯನದುರ್ಗ, ಸಿದ್ದರಬೆಟ್ಟ, ಮಧುಗಿರಿಯ ಏಕಶಿಲಾ ಬೆಟ್ಟಗಳನ್ನು ವರ್ಷಕ್ಕೆ ಹಲವು ಸಲ ಹತ್ತಿ ಇಳಿಯುವವರು. ಪ್ರವಾಸದ ಏರ್ಪಾಡನ್ನು ಒಬ್ಬ ಸಂಘಟಕರಿಗೆ ಒಪ್ಪಿಸಿದ್ದೆವು. ಅವರು ಹಾಕಿಕೊಟ್ಟ ಲೆಕ್ಕ ಹೀಗಿತ್ತು: ಮೊದಲ ದಿನ ಬೆಂಗಳೂರಿನಿಂದ ವಿಮಾನದಲ್ಲಿ ಬಾಗ್‌ಡೋಗ್ರಾ, ಅದೇ ಸಂಜೆಗೆ ಬೆಟ್ಟದ ಬುಡದ ಊರು ಮಾನೇಭಂಜ್ಯಾಂಗ್, ಮರುದಿನ ಬೆಳಿಗ್ಗೆ ಜೀಪು, ಮಧ್ಯಾಹ್ನಕ್ಕೆ ಸಂದಕ್‌ಫು, ಅಲ್ಲಿ ಎರಡು ರಾತ್ರಿ. "ನಡೆದರೆ ಮೂರು ದಿನ ಹಾಳು, ಜೀಪಿನಲ್ಲಾದರೆ ಆ ದಿನಗಳನ್ನು ಡಾರ್ಜಿಲಿಂಗ್ ನೋಡಲು ಉಳಿಸಿಕೊಳ್ಳಬಹುದು" ಎಂದರು. ನಮಗೂ ಅದು ಸರಿಯೆನಿಸಿತು. ಬಾಗ್‌ಡೋಗ್ರಾ ಬಯಲಿನಲ್ಲಿದೆ, ಸಮುದ್ರ ಮಟ್ಟದಿಂದ ನೂರಿಪ್ಪತ್ತು ಮೀಟರ್ ಚಿಲ್ಲರೆ ಎತ್ತರ. ಸಂದಕ್‌ಫು 3,636 ಮೀಟರ್. ವಿಮಾನ ಇಳಿದ ಮಾರನೆಯ ದಿನವೇ ಮೂರೂವರೆ ಸಾವಿರ ಮೀಟರ್ ಮೇಲೇರುವ ಈ ಯೋಜನೆಯನ್ನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದ ನಾನೇ ಒಂದು ಪ್ರಶ್ನೆಯೂ ಕೇಳದೆ ಒಪ್ಪಿದೆ ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ಮಾನೇಭಂಜ್ಯಾಂಗ್‌ನಿಂದ ಮೇಲಕ್ಕೆ ಸುಮಾರು ಮೂವತ್ತೊಂದು ಕಿಲೋಮೀಟರ್. ಆ ದಾರಿಯಲ್ಲಿ ಹಲವು ದಶಕಗಳಷ್ಟು ಹಳೆಯ ಲ್ಯಾಂಡ್ ರೋವರ್‌ಗಳು ಇಂದಿಗೂ ಓಡುತ್ತವೆ. ಅವುಗಳನ್ನು ಜೀವಂತವಾಗಿ ಇಟ್ಟುಕೊಂಡಿರುವ ಅಲ್ಲಿನ ಚಾಲಕರ ಕೈಚಳಕದ ಬಗ್ಗೆ ನನಗೆ ಬಹಳ ಗೌರವವಿದೆ. ಕಾಲಾಪೋಖ್ರಿಯಲ್ಲಿ ಊಟಕ್ಕೆ ನಿಲ್ಲಿಸಿದಾಗ ನನ್ನ ಪಕ್ಕದಲ್ಲಿ ಕುಳಿತಿದ್ದ ಸ್ನೇಹಿತರು, ಅರುವತ್ತೆರಡು ವರ್ಷದ ನಿವೃತ್ತ ಬ್ಯಾಂಕ್ ಅಧಿಕಾರಿ, ತಲೆ ಸಿಡಿಯುತ್ತಿದೆ ಎಂದು ತಟ್ಟೆ ಸರಿಸಿದರು. ದೇವರಾಯನದುರ್ಗದ ಮೆಟ್ಟಿಲುಗಳಲ್ಲಿ ನಮ್ಮೆಲ್ಲರಿಗಿಂತ ಮುಂದೆ ಇರುವವರು ಅವರೇ. ಜೀಪಿನ ಕುಲುಕಾಟಕ್ಕೆ ಹೀಗಾಗಿದೆ ಎಂದುಕೊಂಡೆವು. ಸಂಜೆ ಸಂದಕ್‌ಫುವಿನಲ್ಲಿ ವಾಂತಿಯಾಯಿತು. ಲಾಡ್ಜ್‌ನ ಹೆಣ್ಣುಮಗಳು ಬೆಳ್ಳುಳ್ಳಿಯ ಬಿಸಿ ಸಾರು ತಂದುಕೊಟ್ಟರು. ಒಂದು ಗುಟುಕೂ ಇಳಿಯಲಿಲ್ಲ. ರಾತ್ರಿ ಎರಡು ಗಂಟೆಗೆ ನಾನು ಕಣ್ಣು ಬಿಟ್ಟಾಗ ಅವರು ಹಾಸಿಗೆಯಲ್ಲಿ ಎದ್ದು ಕುಳಿತು ಸ್ವೆಟರಿನ ತೋಳಿಗೆ ಕಾಲು ತೂರಿಸಲು ನೋಡುತ್ತಿದ್ದರು. "ಏನ್ರೀ ಇದು?" ಎಂದರೆ, "ಬಸ್ಸು ಬಂತಲ್ಲ ಮೇಷ್ಟ್ರೇ" ಎಂದರು.

ನಮ್ಮ ಜೊತೆ ಬಂದಿದ್ದ ಗೈಡ್ ಇಪ್ಪತ್ತೈದು ವರ್ಷ ದಾಟದ ಹುಡುಗ, ಅದೇ ಬೆಟ್ಟದ ಸೆರಗಿನ ಹಳ್ಳಿಯವನು. ಅವನನ್ನು ಎಬ್ಬಿಸಿದೆ. ಅವನು ಟಾರ್ಚ್ ಹಿಡಿದು, ಸ್ನೇಹಿತರನ್ನು ನಿಲ್ಲಿಸಿ, ಮರದ ನೆಲದ ಒಂದು ಹಲಗೆಯ ಗೀಟು ತೋರಿಸಿ, ಇದರ ಮೇಲೆ ಒಂದು ಹೆಜ್ಜೆಯ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ನಡೆಯಿರಿ ಎಂದ. ಎರಡನೇ ಹೆಜ್ಜೆಗೆ ಅವರು ವಾಲಿ ಗೋಡೆಗೆ ಒರಗಿದರು. ಹುಡುಗ ಇನ್ನೇನೂ ಪರೀಕ್ಷೆ ಮಾಡಲಿಲ್ಲ. "ಈಗಲೇ ಇಳಿಯಬೇಕು" ಎಂದ. ಸಂಘಟಕರ ಕಡೆಯವರಿಗೆ ಫೋನು ಸಿಕ್ಕಿತು. ಅವರು ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸಿ, ಬೆಳಗಾದರೆ ಸರಿಹೋಗುತ್ತಾರೆ, ಎರಡು ರಾತ್ರಿಯ ಬಾಡಿಗೆ ಕಟ್ಟಿಯಾಗಿದೆ ಎಂದರು. ಹುಡುಗ ಅವರೊಂದಿಗೆ ವಾದಿಸಲಿಲ್ಲ. ಹೊರಗೆ ಹೋಗಿ ಒಬ್ಬ ಚಾಲಕನನ್ನು ಎಬ್ಬಿಸಿಕೊಂಡು ಬಂದ. ನಾವು ಮೂವರು ಸೇರಿ ಆ ಸ್ನೇಹಿತರನ್ನು ಕಂಬಳಿಯಲ್ಲಿ ಸುತ್ತಿ ಕತ್ತಲಲ್ಲೇ ಹೊರಟೆವು. ದಾರಿಯಲ್ಲಿ ಬೆಳಗಾಗಿ, ಕಾಂಚನಜುಂಗಾ ಕಿತ್ತಳೆ ಬಣ್ಣಕ್ಕೆ ತಿರುಗಿದ್ದು ಮಂಜು ಕಟ್ಟಿದ ಗಾಜಿನಾಚೆ ಒಂದು ನಿಮಿಷ ಕಂಡಿತು. ಅದಕ್ಕಾಗಿಯೇ ಅಷ್ಟು ದೂರ ಹೋದ ನಮಗೆ ಆ ಹೊತ್ತಿನಲ್ಲಿ ಅದು ಬೇಕಿರಲಿಲ್ಲ. ಗೈರಿಬಾಸ್ ತಲುಪುವ ವೇಳೆಗೆ, ಅಂದರೆ ಸುಮಾರು ಸಾವಿರ ಮೀಟರ್ ಕೆಳಗೆ ಬಂದ ಮೇಲೆ, ಸ್ನೇಹಿತರು ಕಣ್ಣು ತೆರೆದು ನನ್ನ ಗುರುತು ಹಿಡಿದರು, ಚಹಾ ಕೇಳಿದರು. ಕೆಳಗಿನ ಆಸ್ಪತ್ರೆಯಲ್ಲಿ ವೈದ್ಯರು ಹೇಳಿದ್ದು, ಇದು ಎತ್ತರದಿಂದ ಮಿದುಳಿಗೆ ಬಾವು ಬರುವ ಸ್ಥಿತಿಯ ಆರಂಭ, ಬೆಳಗಿನವರೆಗೆ ಕಾಯ್ದಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದು.

ಏಕೆ ಹೀಗಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಬಯಲುಸೀಮೆಯ ಜನರಿಗೆ ಇದು ಅನುಭವಕ್ಕೆ ಬಾರದ ವಿಷಯ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿಯೂ ಶೇ 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಸುಮಾರು 820 ಮೀಟರ್ ಎತ್ತರದ ತುಮಕೂರಿನಲ್ಲಿ ಒತ್ತಡ ಸಮುದ್ರ ಮಟ್ಟದ್ದಕ್ಕೆ ಹೋಲಿಸಿದರೆ ಶೇ 90ರಷ್ಟಿದ್ದರೆ, ಸಂದಕ್‌ಫುವಿನಲ್ಲಿ ಅದು ಶೇ 64ಕ್ಕೆ ಇಳಿಯುತ್ತದೆ. ಅಂದರೆ ಇಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದಲ್ಲಿ ಹತ್ತಕ್ಕೆ ಮೂರು ಪಾಲು ಅಲ್ಲಿ ಇಲ್ಲ. ನೀರು ಅಲ್ಲಿ ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಬೇಳೆ ಸರಿಯಾಗಿ ಬೇಯುವುದಿಲ್ಲ, ಕುದಿಕುದಿಯುವ ಚಹಾವೂ ಇಲ್ಲಿನಷ್ಟು ಬಿಸಿ ಇರುವುದಿಲ್ಲ. ದೇಹಕ್ಕೆ ಇದನ್ನು ಸರಿದೂಗಿಸುವ ಶಕ್ತಿ ಇದೆ: ಉಸಿರಾಟ ಆಳವಾಗುತ್ತದೆ, ಮೂತ್ರಪಿಂಡ ರಕ್ತದ ಸಮತೋಲವನ್ನು ತಿದ್ದಿಕೊಳ್ಳುತ್ತದೆ, ದಿನಗಳೆದಂತೆ ಕೆಂಪು ರಕ್ತಕಣಗಳೂ ಹೆಚ್ಚುತ್ತವೆ. ಆದರೆ ಇದಕ್ಕೆಲ್ಲ ಕಾಲ ಬೇಕು, ಗಂಟೆಗಳಲ್ಲ, ದಿನಗಳು. ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಈ ಬೇನೆ ಕಾಣಿಸಿಕೊಳ್ಳತೊಡಗುತ್ತದೆ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಎತ್ತರಿಸಬಾರದು ಎಂಬುದು ವೈದ್ಯರು ಹೇಳುವ ನಿಯಮ. ಜೀಪು ಈ ನಿಯಮವನ್ನು ಮುರಿಯುತ್ತದೆ; ನಡಿಗೆ, ತನ್ನ ನಿಧಾನದಿಂದಲೇ, ಅದನ್ನು ಪಾಲಿಸುತ್ತದೆ.

ಇಲ್ಲಿ ಇನ್ನೊಂದು ಭ್ರಮೆಯೂ ಇದೆ. ಗಟ್ಟಿ ಆಳುಗಳಿಗೆ ಇದು ಬರುವುದಿಲ್ಲ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ವಯಸ್ಸು, ವ್ಯಾಯಾಮ, ಮಧುಗಿರಿ ಹತ್ತಿದ ಲೆಕ್ಕ ಯಾವುದೂ ಇದರಿಂದ ರಕ್ಷಣೆ ಕೊಡದು. ಇಪ್ಪತ್ತರ ಹುಡುಗರಿಗೆ ಬಂದು ಅರುವತ್ತರವರಿಗೆ ಬಾರದೆ ಇರಬಹುದು. ಗಟ್ಟಿಗರು ತಮ್ಮ ತಲೆನೋವನ್ನು ಬಾಯಿಬಿಟ್ಟು ಹೇಳದೆ ನುಂಗಿಕೊಳ್ಳುವುದರಿಂದ ಅವರಿಗೇ ಅಪಾಯ ಹೆಚ್ಚು ಎಂದೂ ನನಗೆ ಅನಿಸಿದೆ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಮೊದಲ ಲಕ್ಷಣಗಳು. ಅಲ್ಲಿಗೆ ಏರುವುದನ್ನು ನಿಲ್ಲಿಸಬೇಕು. ನಡಿಗೆ ತೂರಾಡಿದರೆ, ಮಾತು ಅಡ್ಡಾದಿಡ್ಡಿಯಾದರೆ, ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ, ಹೊತ್ತು ಯಾವುದೇ ಇರಲಿ ಇಳಿಯಬೇಕು. ಆಮ್ಲಜನಕವೂ ಔಷಧಿಯೂ ಇಳಿಯುವುದಕ್ಕೆ ಸಹಾಯಕವೇ ಹೊರತು ಅದರ ಬದಲಿಗೆ ಅಲ್ಲ. ಈಚಿನ ವರ್ಷಗಳಲ್ಲಿ ಸಂದಕ್‌ಫುವಿನಲ್ಲಿ ಉಸಿರಾಟದ ತೊಂದರೆಯಿಂದ ಪ್ರವಾಸಿಗರು ತೀರಿಕೊಂಡ ಸುದ್ದಿಗಳು ಬಂದಿವೆ. ಸುಲಭದ ಬೆಟ್ಟ ಎಂದು ಬರೆಯುವಾಗ ಇದನ್ನು ಮರೆಯಬಾರದಿತ್ತು.

ಗಡಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅದೂ ಈ ಅಪಾಯದ ಒಂದು ಭಾಗವೇ. ಸಿಂಗಲೀಲ ಎಂಬ ಆ ಏಣಿನ ನೆತ್ತಿಯೇ ಗಡಿರೇಖೆ. ಮೇಲೆ ಹೋಗುವಾಗ ಎಡಕ್ಕೆ ನೇಪಾಳದ ಇಲಾಮ್, ಬಲಕ್ಕೆ ನಮ್ಮ ಡಾರ್ಜಿಲಿಂಗ್. ದಾರಿ ಇಲ್ಲಿ ಹೊಕ್ಕು ಅಲ್ಲಿ ಹೊರಡುತ್ತದೆ. ನಡುನಡುವೆ ಗಿಡ್ಡ ಗಡಿಕಲ್ಲುಗಳಿವೆ, ಬೇಲಿಯಿಲ್ಲ. ದಾರಿಯಲ್ಲಿ ಸಿಗುವ ಹಳ್ಳಿಯಾದ ತುಮ್ಲಿಂಗ್‌ನಲ್ಲಿ ರಾತ್ರಿ ಉಳಿದರೆ ನಾವು ಮಲಗುವುದು ನೇಪಾಳದಲ್ಲಿ. ಅಲ್ಲಿ ನನ್ನ ಮೊಬೈಲಿನ ಗಡಿಯಾರ ತಾನಾಗಿ ಹದಿನೈದು ನಿಮಿಷ ಮುಂದಕ್ಕೆ ಹೋಗಿತ್ತು. ಮತ್ತೆ ಹತ್ತು ಹೆಜ್ಜೆ ಈಚೆಗೆ ಬಂದರೆ ಹಿಂದಕ್ಕೆ. 1950ರ ಭಾರತ–ನೇಪಾಳ ಶಾಂತಿ ಮತ್ತು ಸ್ನೇಹ ಒಪ್ಪಂದದ ಬಲದಿಂದ ಎರಡೂ ದೇಶದ ಪ್ರಜೆಗಳು ಹೀಗೆ ಸಲೀಸಾಗಿ ಓಡಾಡುತ್ತಾರೆ. ಈ ಸಲೀಸನ್ನು ಕಂಡು ಗಡಿಯೇ ಇಲ್ಲವೆಂದು ತಿಳಿಯಬಾರದು. ಸಶಸ್ತ್ರ ಸೀಮಾ ಬಲದವರು 2001ರಿಂದ ಈ ಗಡಿಯನ್ನು ಕಾಯುತ್ತಿದ್ದಾರೆ. ಅವರ ಠಾಣೆಗಳಲ್ಲಿ ಮತದಾರರ ಚೀಟಿ ಅಥವಾ ಪಾಸ್‌ಪೋರ್ಟ್ ತೋರಿಸಿ ಹೆಸರು ಬರೆಸಬೇಕು. ಒಪ್ಪಂದದ ಸೌಲಭ್ಯ ಎರಡು ದೇಶಗಳ ಪ್ರಜೆಗಳಿಗೆ ಮಾತ್ರ. ಅಮೆರಿಕದ ಪಾಸ್‌ಪೋರ್ಟ್ ಪಡೆದ ಮಕ್ಕಳು ರಜೆಗೆ ಬಂದಾಗ ಅವರನ್ನೂ ಸೇರಿಸಿಕೊಂಡು ಹೊರಡುವ ಕುಟುಂಬಗಳು ನಮ್ಮ ಊರಿನಲ್ಲಿ ಈಗ ಅನೇಕ. ಅವರು ಮೊದಲೇ ವಿಚಾರಿಸಿಕೊಂಡು ಹೋಗಬೇಕು. ಕಾಯಿಲೆ ಬಿದ್ದ ರಾತ್ರಿ ಮಲಗಿದ ಜಾಗ ಒಂದು ದೇಶದ್ದು, ಹಿಡಿಯುವ ಫೋನಿನ ಸಿಗ್ನಲ್ ಇನ್ನೊಂದರದ್ದು, ಆಸ್ಪತ್ರೆ ಐದಾರು ಗಂಟೆಯ ದಾರಿ ಎಂಬ ಸ್ಥಿತಿ ಬಂದಾಗ ಕೈಹಿಡಿಯುವವನು ಸ್ಥಳೀಯ ಗೈಡ್ ಒಬ್ಬನೇ.

ಆ ಗೈಡನ್ನು ಕರೆದೊಯ್ಯುವುದು ಅಲ್ಲಿ ಕಡ್ಡಾಯ. ಬೆಟ್ಟದ ಭಾರತದ ಮಗ್ಗುಲು 1992ರಿಂದ ಸಿಂಗಲೀಲ ರಾಷ್ಟ್ರೀಯ ಉದ್ಯಾನ. ಮಾನೇಭಂಜ್ಯಾಂಗ್‌ನಲ್ಲೇ ಗೈಡನ್ನು ಗೊತ್ತುಮಾಡಿಕೊಂಡು ಮುಂದೆ ಹೋಗಬೇಕು. ನಮ್ಮ ಸಂಘಟಕರು ಇದನ್ನು ಅನವಶ್ಯಕ ಖರ್ಚು ಎಂದೇ ವಿವರಿಸಿದ್ದರು. ಒಬ್ಬರ ಪ್ರಾಣ ಉಳಿಸಿದ್ದು ಆ ಖರ್ಚು. ಮಳೆಗಾಲದಲ್ಲಿ, ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ, ಉದ್ಯಾನವನ್ನು ಮುಚ್ಚಿರುತ್ತಾರೆ ಎಂಬುದನ್ನೂ ತಮ್ಮ ಲೇಖನ ಹೇಳಿಲ್ಲ. ಆಗಸ್ಟ್ ಹದಿನೈದರ ರಜೆಗೆ ಟಿಕೆಟ್ ಮಾಡಿಸುವವರಿಗೆ ಅದು ತಿಳಿದಿರಬೇಕು.

ಮರುವರ್ಷ ನವೆಂಬರ್‌ನಲ್ಲಿ ನಾವು ಆರು ಜನ ಮತ್ತೆ ಹೋದೆವು, ಈ ಸಲ ನಡೆದು, ಅದೇ ಹುಡುಗನ ಜೊತೆ. ಮೊದಲ ರಾತ್ರಿ ಮಾನೇಭಂಜ್ಯಾಂಗ್, ಎರಡನೆಯದು ತುಮ್ಲಿಂಗ್, ಮೂರನೆಯದು ಕಾಲಾಪೋಖ್ರಿ, ನಾಲ್ಕನೆಯದು ಸಂದಕ್‌ಫು. ತುಮ್ಲಿಂಗ್‌ನಿಂದ ದಾರಿ ಗೈರಿಬಾಸ್‌ಗೆ ಇಳಿದು ಮತ್ತೆ ಏರುತ್ತದೆ. ಮೊಣಕಾಲಿಗೆ ತ್ರಾಸವಾದರೂ ಈ ಏರಿಳಿತ ಉಸಿರಿಗೆ ಒಳ್ಳೆಯದು. ಜೀಪಿನಲ್ಲಿ ಕಬ್ಬಿಣದ ಸರಳು ಹಿಡಿದು ಕುಳಿತಾಗ ಕಾಣದ ಕಾಡು ಆಗ ಕಂಡಿತು. ಓಕ್ ಮರಗಳ ಕೊಂಬೆಗಳಿಗೆ ಮೈತುಂಬ ಪಾಚಿ, ಕೆಳಗೆ ಮಾಲಿಂಗ್ ಎಂಬ ಬೆರಳು ಗಾತ್ರದ ಬಿದಿರಿನ ಪೊದೆ. ಆ ಬಿದಿರಿನ ಎಲೆಯೇ ಕೆಂಪು ಪಾಂಡಾದ ಆಹಾರ. ಹುಡುಗ ಒಂದು ಕಡೆ ಕುಳಿತು, ಪೊದೆಯ ತುದಿಯ ಎಲೆಗಳನ್ನು ಕತ್ತರಿಸಿದಂತೆ ಕಡಿದಿರುವುದನ್ನು ತೋರಿಸಿದ. ಪ್ರಾಣಿ ನಮಗೆ ಕಾಣಲಿಲ್ಲ. ಅಳಿವಿನಂಚಿನಲ್ಲಿರುವ, ಹೆಚ್ಚಾಗಿ ಬೆಳಗಿನ ಜಾವ ಮತ್ತು ಮುಸ್ಸಂಜೆಯಲ್ಲಿ ಓಡಾಡುವ ಅದು ಕಾಣದೇ ಇದ್ದುದರಲ್ಲಿ ಆಶ್ಚರ್ಯವಿಲ್ಲ. ನೇಪಾಳಿಯಲ್ಲಿ ಗುರಾಂಸ್ ಎನ್ನುವ ರೋಡೊಡೆಂಡ್ರಾನ್ ಮರಗಳಲ್ಲಿ ಏಪ್ರಿಲ್‌ನ ಹೂಗಳಿಗಾಗಿ ಆಗಲೇ ಬಿಗಿಯಾದ ಮೊಗ್ಗುಗಳಿದ್ದವು. ಬಿಖೇಭಂಜ್ಯಾಂಗ್ ಎಂದರೆ ವಿಷದ ಕಣಿವೆ. ಅಲ್ಲಿ ಬೆಳೆಯುವ ವತ್ಸನಾಭಿ ಎಂಬ ವಿಷಗಿಡದಿಂದ ಆ ಹೆಸರು, ದನಕರು ಮೇಯಿಸುವವರು ಅದನ್ನು ಕಂಡರೆ ಹುಷಾರಾಗಿರುತ್ತಾರೆ. ಅಲ್ಲಿಂದ ಮುಂದಿನ ಕೊನೆಯ ಏರು ಕಡಿದಾದುದು; ಹುಡುಗ ನಮ್ಮನ್ನು ಬಹಳ ನಿಧಾನ ನಡೆಸಿದ, ಮಾತನಾಡಿಕೊಂಡು ನಡೆಯಲು ಆಗದಿದ್ದರೆ ನಿಮ್ಮ ನಡಿಗೆ ಜೋರಾಯಿತು ಎಂದರ್ಥ ಎಂದು ಪದೇ ಪದೇ ಎಚ್ಚರಿಸುತ್ತಿದ್ದ.

ತುದಿಯಲ್ಲಿ ಆ ಬೆಳಿಗ್ಗೆ ಜಗತ್ತಿನ ಐದು ಅತಿ ಎತ್ತರದ ಶಿಖರಗಳಲ್ಲಿ ನಾಲ್ಕು, ಎವರೆಸ್ಟ್, ಕಾಂಚನಜುಂಗಾ, ಲೋತ್ಸೆ, ಮಕಾಲು, ಒಂದೇ ಸುತ್ತಿನಲ್ಲಿ ಕಂಡವು. ಮಲಗಿದ ಬುದ್ಧನಂತೆ ಕಾಣುವ ಹಿಮದ ಸಾಲಿನಲ್ಲಿ ಮುಖದ ಜಾಗದಲ್ಲಿರುವ ಶಿಖರಕ್ಕೆ ಅಲ್ಲಿನವರು ಇಟ್ಟಿರುವ ಹೆಸರು ಕುಂಭಕರ್ಣ. ಆರು ಜನರಲ್ಲಿ ಒಬ್ಬರಿಗೂ ತಲೆನೋವಿರಲಿಲ್ಲ.

ಆದರೆ ತುದಿಗೆ ಬಂದವರು ಐವರು. ಕಳೆದ ಸಲ ಕಾಯಿಲೆ ಬಿದ್ದ ಸ್ನೇಹಿತರು ತಮ್ಮ ವೈದ್ಯರನ್ನು ಕೇಳಿಕೊಂಡೇ ಬಂದಿದ್ದರು. ಮೂರು ಸಾವಿರ ಮೀಟರ್ ದಾಟಬೇಡಿ ಎಂದು ಅವರು ಹೇಳಿದ್ದರಿಂದ ತುಮ್ಲಿಂಗ್‌ನಲ್ಲೇ ಉಳಿದರು. ನಾವು ಹಿಂದಿರುಗಿ ಬಂದಾಗ ಅವರು ಲಾಡ್ಜ್‌ನ ಒಲೆಯ ಮುಂದೆ ಕುಳಿತು, ಮೂರು ದಿನವೂ ಬೆಳಿಗ್ಗೆ ಅಂಗಳದಿಂದಲೇ ಕಾಂಚನಜುಂಗಾ ನೋಡಿದ್ದನ್ನು ವಿವರವಾಗಿ ಹೇಳಿದರು. ಮನೆಯಾಕೆಯಿಂದ ತುಕ್ಪಾ ಎಂಬ ನೂಡಲ್ ಸಾರು ಮಾಡುವುದನ್ನು ಕಲಿತು ಚೀಟಿಯಲ್ಲಿ ಬರೆದುಕೊಂಡಿದ್ದರು. ನಡೆಯಲಾಗದ ಹಿರಿಯರಿಗೆ ತಮ್ಮ ಪತ್ರಿಕೆ ಏನನ್ನಾದರೂ ಸೂಚಿಸುವುದಾದರೆ ಇದನ್ನೇ ಸೂಚಿಸಬೇಕು: ಜೀಪಿನಲ್ಲಿ ತುಮ್ಲಿಂಗ್‌ವರೆಗೆ ಹೋಗಿ, ಅಲ್ಲೇ ಎರಡು ಮೂರು ದಿನ ಇರಿ, ಮೈ ಒಗ್ಗಿತು ಎನಿಸಿದರೆ ಮಾತ್ರ ಮುಂದಿನ ವಿಚಾರ. ಅದರಿಂದ ಜೀಪಿನ ಚಾಲಕರಿಗೂ ಲಾಡ್ಜ್‌ನವರಿಗೂ ಸಂಪಾದನೆ ಕಡಿಮೆಯಾಗುವುದಿಲ್ಲ.

ಕಸದ ವಿಷಯ ಬರೆಯದೆ ಬಿಡಲು ಮನಸ್ಸಾಗುತ್ತಿಲ್ಲ. ಕಾಲಾಪೋಖ್ರಿಯ ಕಪ್ಪು ಕೊಳ ಅಲ್ಲಿನ ಬೌದ್ಧರಿಗೆ ಪವಿತ್ರ. ಅದರ ದಡದಲ್ಲಿ ಮಂತ್ರದ ಬಾವುಟಗಳ ಕೆಳಗೆ ಕನ್ನಡ ಅಕ್ಷರಗಳಿದ್ದ ಚಕ್ಕುಲಿ ಪೊಟ್ಟಣವೊಂದನ್ನು ಕಂಡು ನಾವೆಲ್ಲ ತಲೆ ತಗ್ಗಿಸಿದೆವು. ಅದನ್ನು ಎತ್ತಿ ಚೀಲಕ್ಕೆ ಹಾಕಿಕೊಂಡೆ.

ಸಂಪಾದಕರಲ್ಲಿ ನನ್ನ ವಿನಂತಿ ಚಿಕ್ಕದು. ಹಿಮಾಲಯದ ಯಾವುದೇ ಜಾಗದ ಬಗ್ಗೆ ಪ್ರವಾಸ ಪುಟದಲ್ಲಿ ಲೇಖನ ಬಂದಾಗ ಖರ್ಚು, ರೈಲು, ವಿಮಾನಗಳ ವಿವರ ಕೊಡುವ ಚೌಕದಲ್ಲೇ ಪ್ರತಿ ರಾತ್ರಿ ಮಲಗುವ ಊರಿನ ಎತ್ತರವನ್ನೂ ಮೀಟರ್‌ನಲ್ಲಿ ಮುದ್ರಿಸಿ. ಅದೊಂದು ಸಾಲು ಕಂಡರೆ ಓದುವವರು ತಾವೇ ಕೂಡಿ ಕಳೆದು ನೋಡಿಕೊಳ್ಳುತ್ತಾರೆ. ಸಂಘಟಕರಲ್ಲಿಯೂ ಕೇಳಿಕೊಳ್ಳುತ್ತೇನೆ: ನಿಮ್ಮ ಕರಪತ್ರದಲ್ಲಿ "ಜೀಪಿನಲ್ಲಿ ಒಂದೇ ದಿನ" ಎಂಬ ಮಾತನ್ನು ತೆಗೆಯಿರಿ, ಮಾನೇಭಂಜ್ಯಾಂಗ್ ಮತ್ತು ಸಂದಕ್‌ಫುಗಳ ನಡುವೆ ಕನಿಷ್ಠ ಎರಡು ರಾತ್ರಿ ಇಡಿ, ಗೈಡ್ ಇಳಿಯಿರಿ ಎಂದರೆ ಬಾಡಿಗೆಯ ಲೆಕ್ಕ ತೆಗೆಯಬೇಡಿ. ಹೃದಯದ, ಶ್ವಾಸಕೋಶದ ತೊಂದರೆ, ರಕ್ತದೊತ್ತಡ ಇರುವವರು ಹೊರಡುವ ಮುಂಚೆ ವೈದ್ಯರನ್ನು ಕಾಣಲೇಬೇಕು. ಎತ್ತರದ ಬೇನೆ ತಡೆಯಲು ಕೊಡುವ ಅಸೆಟಜೋಲಮೈಡ್‌ನಂಥ ಮಾತ್ರೆಯನ್ನು ಅವರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಬೇಕು, ಸ್ನೇಹಿತರ ಚೀಲದಿಂದಲ್ಲ.

ಬರುವ ಮಾರ್ಚ್ ಕೊನೆಗೆ ನಮ್ಮ ಊರಿನಿಂದ ಮತ್ತೊಂದು ತಂಡ ಹೊರಡುವ ಮಾತು ನಡೆಯುತ್ತಿದೆ ಎಂದು ಕೇಳಿದ್ದೇನೆ. ಅವರ ಯೋಜನೆಯಲ್ಲಿಯೂ ಎರಡನೇ ದಿನವೇ ತುದಿ ಇದೆಯಂತೆ. ಆ ತಂಡದವರು ಈ ಪತ್ರವನ್ನು ಓದಿದರೆ, ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನಾಮದ ಚಿಲುಮೆಯ ಬಳಿ ನಮ್ಮ ಗೆಳೆಯರೆಲ್ಲ ಸೇರಿರುತ್ತೇವೆ, ದಯವಿಟ್ಟು ಬನ್ನಿ. ನಾವು ನಡೆದ ದಿನಚರಿ ನನ್ನ ಬಳಿ ಬರಹದಲ್ಲಿದೆ. ಅದರ ಪ್ರತಿ ಕೊಡುತ್ತೇನೆ. ಆ ರಾತ್ರಿಯ ಸ್ನೇಹಿತರೂ ಅಲ್ಲಿ ಇರುತ್ತಾರೆ, ಅವರ ಬಾಯಿಂದಲೇ ಕೇಳಬಹುದು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ,
ಕ್ಯಾತಸಂದ್ರ, ತುಮಕೂರು